ಕ್ರೌಂಚದ್ವೀಪದಲ್ಲಿ ನಾಲ್ಕು ಗೂಟ

ಕೌಬಾಯ್ ಧಾರಾವಾಹಿ ನೋಡಿ ಹೊಟ್ಟೆ ಉರಿಸಿಕೊಳ್ಳುವ ಹೆಂಗಸು ಅಮೆರಿಕದ ಈ ಸಾಂಟಾ ಕ್ಲಾರಾದಲ್ಲಿ ನಾನೊಬ್ಬಳೇ ಇರಬೇಕು. ಕುದುರೆ, ಬಂದೂಕು, ಧೂಳು ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ಗೂಟಗಳ ಮೇಲೆ.

ಕಥೆ ಇಷ್ಟೇ. ಒಂದು ಸಂಸಾರ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಡುತ್ತದೆ. ಹೊಳೆ ದಾಟುತ್ತದೆ, ದಾರಿಯಲ್ಲಿ ಅಜ್ಜಿಯನ್ನು ಜ್ವರಕ್ಕೆ ಕಳೆದುಕೊಳ್ಳುತ್ತದೆ. ಕೊನೆಗೆ ಒಂದು ಬಯಲಿನಲ್ಲಿ ಯಜಮಾನ ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು ಇದು ನಮ್ಮದು ಅನ್ನುತ್ತಾನೆ. ಅಲ್ಲಿ ಮೊದಲೇ ಇದ್ದವರನ್ನು ಯಾರೂ ಕೇಳುವುದಿಲ್ಲ. ಅವರು ಗುಡ್ಡದ ಮೇಲೆ ನಿಂತು ನೋಡುತ್ತಾರೆ, ಹಿನ್ನೆಲೆಯಲ್ಲಿ ಪಿಟೀಲು. ಒಂದೇ ಸೀಸನ್ನಿನಲ್ಲಿ ಎಲ್ಲ ಮುಕ್ತಾಯ. ಮೈಸೂರಿನಲ್ಲಿ ನನ್ನ ಅತ್ತೆ ನೋಡುವ ಧಾರಾವಾಹಿಯಲ್ಲಿ ಒಂದು ಸೀಮಂತ ಮುಗಿಯುವಷ್ಟರಲ್ಲಿ ಮಳೆಗಾಲವೇ ಕಳೆದಿರುತ್ತದೆ. ಇಲ್ಲೇ ಕಾಯಂ ನೆಲೆಸಲು ಬೇಕಾದ ನಮ್ಮ ಗ್ರೀನ್ ಕಾರ್ಡು ಅತ್ತೆಯ ಧಾರಾವಾಹಿಯ ಜಾತಿಗೆ ಸೇರಿದ್ದು; ವರ್ಷಗಟ್ಟಲೆಯಿಂದ ಅದರ ಸರದಿಯಲ್ಲೇ ನಿಂತಿದ್ದೇವೆ.

ಮಗಳು ಅದಿತಿ ಇಲ್ಲಿಗೆ ಬರುವಾಗ ನನ್ನ ಕಂಕುಳಲ್ಲಿದ್ದಳು. ಈಗ ಹತ್ತಿರದ ಹೇವರ್ಡಿನಲ್ಲಿ ಕಾಲೇಜು ಓದುತ್ತಾಳೆ. ಈ ಚಳಿಗಾಲಕ್ಕೆ ಅವಳಿಗೆ ಇಪ್ಪತ್ತೊಂದು ತುಂಬುತ್ತದೆ. ತುಂಬಿದ ದಿನ ನಮ್ಮ ವೀಸಾದಿಂದ ಹೊರಬೀಳುತ್ತಾಳೆ. ಓದು ಮುಗಿಯುವ ತನಕ ವಿದ್ಯಾರ್ಥಿಯಾಗಿ ಇರಬಹುದು. ಆಮೇಲೆ ತನ್ನದೇ ಹೊಸ ಸರದಿಯ ಬಾಲ ಹಿಡಿಯಬೇಕು, ಇಲ್ಲವೇ 'ವಾಪಸ್' ಹೋಗಬೇಕು. ನಮ್ಮ ವೀಸಾ ವಕೀಲರು ಇದನ್ನು ಫೋನಿನಲ್ಲಿ ಬಹಳ ಸೌಜನ್ಯದಿಂದ ಹೇಳಿದರು. ಮೈಸೂರಿನಲ್ಲಿ ಆಟೋದವನಿಗೆ ದಾರಿ ಹೇಳಲಾರದ ಹುಡುಗಿಗೆ ಅದು ವಾಪಸ್ ಹೇಗಾಗುತ್ತದೆ ಎಂದು ಕೇಳಬೇಕೆನಿಸಿತು. ಥ್ಯಾಂಕ್ಸ್ ಹೇಳಿ ಫೋನಿಟ್ಟೆ.

ನಮ್ಮಲ್ಲೂ ಒಂದು ಗೂಟವಿತ್ತು, ಮಾತಿನದು. ಪೂಜೆಗೆ ಮೊದಲು ಸಂಕಲ್ಪದಲ್ಲಿ ನಾವು ಎಲ್ಲಿದ್ದೇವೆಂದು ದೇವರಿಗೆ ವಿಳಾಸ ಒಪ್ಪಿಸಬೇಕಲ್ಲ, ಬಂದ ಹೊಸದರಲ್ಲಿ ನನ್ನ ಗಂಡ ಅಭ್ಯಾಸಬಲದಿಂದ 'ಜಂಬೂದ್ವೀಪೇ' ಎಂದೇ ಹೇಳುತ್ತಿದ್ದರು. ಅದು ಇಂಡಿಯಾದ ವಿಳಾಸ, ಅಮೆರಿಕಕ್ಕೆ 'ಕ್ರೌಂಚದ್ವೀಪೇ' ಎಂದು ಇಲ್ಲಿನ ಲಿವರ್‌ಮೋರ್ ದೇವಸ್ಥಾನದ ಪುರೋಹಿತರು ತಿದ್ದಿದರು. ಅಂದಿನಿಂದ ಇವರು ಪ್ರತಿ ಹಬ್ಬದಲ್ಲೂ ಆ ಪದವನ್ನು, ಪಕ್ಕದ ಅಪಾರ್ಟ್‌ಮೆಂಟಿಗೆ ಕೇಳಿಸಲಿ ಎಂಬಂತೆ, ಒತ್ತಿ ಹೇಳುತ್ತಿದ್ದರು. ವಿಳಾಸ ಬದಲಾಯಿಸಲು ದೇವರಾದರೂ ಸರದಿಯಲ್ಲಿ ನಿಲ್ಲಿಸಲಿಲ್ಲವಲ್ಲ ಎಂದು ನಾನು ರೇಗಿಸುತ್ತಿದ್ದೆ.

ವಕೀಲರ ಫೋನು ಬಂದ ವಾರವೇ ಗಣೇಶ ಚೌತಿ. ಇವರು ಅಂಗೈಯಲ್ಲಿ ನೀರು, ಅಕ್ಷತೆ ಹಿಡಿದು ಸಂಕಲ್ಪ ಶುರು ಮಾಡಿದರು. ದ್ವೀಪದ ಹತ್ತಿರ ಬಂದು ನಿಂತೇಬಿಟ್ಟರು. ನೀರು ಬೆರಳ ಸಂದಿಯಿಂದ ತೊಟ್ಟಿಕ್ಕತೊಡಗಿತು. ಮರೆತರೆಂದುಕೊಂಡು, ಗರಿಕೆ ಜೋಡಿಸುತ್ತಿದ್ದ ಅದಿತಿ ತಲೆಯೆತ್ತದೆಯೇ ಹೇಳಿಕೊಟ್ಟಳು.

"ಕ್ರೌಂಚದ್ವೀಪೇ, ಅಪ್ಪ."

"ಗೊತ್ತು ಪುಟ್ಟಿ. ನಿನ್ನೂ ಸೇರಿಸಿ ಹೇಳ್ಬೇಕಲ್ಲ, ಯಾವ್ದು ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ."

ಅವಳು ಗರಿಕೆ ಕೆಳಗಿಟ್ಟಳು. "ಬಟ್ ಐ ಲಿವ್ ಹಿಯರ್," ಅಂದಳು, ವಿಳಾಸ ಕೇಳಿದವರಿಗೆ ಹೇಳುವಷ್ಟೇ ಸಹಜವಾಗಿ.

ಇವರು ಬೇರೆ ನೀರು ಹಾಕಿಸಿಕೊಂಡು ಮೊದಲಿನಿಂದ ಶುರುಮಾಡಿದರು. ಆ ಪದ ಬಂದಾಗ ಇವರ ದನಿ ಏಳಲೇ ಇಲ್ಲ. ಒತ್ತಿ ಹೇಳಿದವಳು ಮಗಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕಡುಬಿನ ತಟ್ಟೆ ಹಿಡಿದು, ಆ ಗುಡ್ಡದ ಮೇಲಿನವರ ಹಾಗೆ, ನೋಡುತ್ತಾ ನಿಂತಿದ್ದೆ. ಪಿಟೀಲೊಂದು ಇರಲಿಲ್ಲ, ಅಷ್ಟೇ.