ಒಂದು ತಂಬಿಗೆ ನೀರು

ಒದ್ದೆ ಜಾಜಿನ ವಾಸನೆ ಬಂದರೆ ನನಗೆ ನೆನಪಾಗುವುದು ಸಾರಿಸಿದ ಹೊಸ್ತಿಲಲ್ಲ, ಅವ್ವನ ಹಣೆ. ಮೊನ್ನೆ ಸೊಸೆ ಆ ಕೆಂಪು ಮಣ್ಣನ್ನು ಬಟ್ಟಲಲ್ಲಿ ಕಲಸಿಕೊಂಡು ಬಂದಳು. ನನ್ನ ಸೊಂಟಕ್ಕೆ ಸರ್ಪಸುತ್ತು ಎದ್ದು ವಾರವಾಗಿತ್ತು. ಜ್ವರ ಬಿಟ್ಟಿತ್ತು, ಗುಳ್ಳೆ ಬಾಡಿದ್ದವು, ಉರಿ ಮಾತ್ರ ಕೆಂಡ ಕಟ್ಟಿಕೊಂಡ ಹಾಗಿತ್ತು. "ಜಾಜು ಹಚ್ಲೇನ್ರಿ ಅತ್ತಿ, ಇಲ್ಲಾ ದವಾಖಾನಿಗಿ ಹೋಗಮು? ನೀವೇ ಹೇಳ್ರಿ" ಎಂದಳು.

ನ್ಯಾಲ್ಕಲ್ ಕಡೆಯ ನನ್ನ ತವರುಮನೆ ಈಗಿಲ್ಲ. ಕಲ್ಲು ಹಾಸಿದ ಪಡಸಾಲೆ, ಮೂಲೆಯಲ್ಲಿ ಜೋಳದ ಚೀಲ, ಮಗ್ಗುಲಲ್ಲೇ ಅವ್ವನ ಹಾಸಿಗೆ. ನಿಮ್ಮ ಮನೆಯಲ್ಲೂ ಅಂಥದೊಂದು ಮೂಲೆ ಇದ್ದಿರಬೇಕು. ನಾನು ಚಿಕ್ಕವಳಿದ್ದಾಗ ಅವ್ವನಿಗೆ ಸುತ್ತು ಎದ್ದದ್ದು ಹಣೆಗೆ, ಎಡಗಣ್ಣಿನವರೆಗೆ. ಅಪ್ಪನ ತಾಯಿ, ನಮ್ಮ ಆಯಿ, ಗುಳ್ಳೆಗಳ ಮೇಲೆ ಜಾಜಿನಿಂದ ಹಾವು ಬರೆದಳು. ಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ, ಜಾಜೇ ಅದನ್ನು ತಡೆಯುವುದು, ಜಾಜು ತಾನಾಗಿ ಉದುರುವ ತನಕ ನೀರು ತಾಗಬಾರದು, ಡಾಕ್ಟರ ಔಷಧ ಕೂಡದು ಎಂದಳು. ಗುಳ್ಳೆ ಒಣಗಿದವು. "ನೋಡು, ಒಣಗ್ಯಾವ. ಇನ್ನೇನ್ ನಾಟಕ ಇಕಿದು" ಎಂದು ಆಯಿ ಅಪ್ಪನನ್ನು ಕುರಿ ಮೇಯಿಸಲು ಕಳಿಸಿದಳು. ಕಣ್ಣಿನ ನೋವು ಮಾತ್ರ ಹೋಗಲಿಲ್ಲ. ಮಧ್ಯಾಹ್ನ ಅವ್ವ ನನ್ನ ಕೈ ಹಿಡಿದು ಎಳೆದಳು. "ಒಂದ್ ತಂಬಗಿ ನೀರು ತಾ. ಈ ಜಾಜು ತೊಳಿ. ಇದು ಹೋದ್ರ ನಿಮ್ಮಪ್ಪ ಝಹೀರಾಬಾದ ದವಾಖಾನಿಗಿ ಒಯ್ತಾನ. ನನಗ ಕೈ ಹಚ್ಚಾಕ ಧೈರ್ಯ ಇಲ್ಲ." ಅವಳಿಗೂ ಆ ಹಾವಿನ ಭಯವಿತ್ತು. ತಂಬಿಗೆ ತಂದೆ, ಅರಿವೆ ಅದ್ದಿದೆ. ಕೈ ಮುಂದೆ ಹೋಗಲಿಲ್ಲ. "ನೀ ಸಾಯ್ತಿ ಅವ್ವಾ, ನಾ ತೊಳಿಯಾಂಗಿಲ್ಲ" ಎಂದೆ. ಅವಳು ಬೈಯಲಿಲ್ಲ. "ಆತು ಬಿಡು, ಆ ನೀರು ಕುರಿಮರಿಗಿ ಕುಡಸು" ಎಂದು ಗೋಡೆಯತ್ತ ಹೊರಳಿದಳು.

ಜಾಜು ಉದುರಿದ ಮೇಲೆ ಅಪ್ಪ ಅವಳನ್ನು ಜೀಪು ಹತ್ತಿಸಿದ. ಡಾಕ್ಟರು ಬ್ಯಾಟರಿ ಹಾಕಿ ನೋಡಿ, "ಮೊದ್ಲೇ ಯಾಕ ಬರಲಿಲ್ರಿ" ಎಂದರಂತೆ. ಎಡಗಣ್ಣು ಹೋಗಿತ್ತು. ಆಮೇಲೆ ಅವ್ವ ನನ್ನನ್ನು ನೋಡಬೇಕಾದರೆ ಕೋಳಿಯ ಹಾಗೆ ಮುಖ ಪೂರ್ತಿ ತಿರುಗಿಸುತ್ತಿದ್ದಳು. ಹೊಲದ ದಾರಿಯಲ್ಲಿ ನಾನು ಅವಳ ಎಡಗಡೆಗೇ ನಡೆಯುತ್ತಿದ್ದೆ, ಕಲ್ಲು ಮುಳ್ಳು ಹೇಳುತ್ತ. ಮುದುಕಿಯಾಗಿ ಸತ್ತಳು. ಆ ಮಧ್ಯಾಹ್ನದ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡು ಬಚ್ಚಲಿಗೆ ಸುರಿದೆ. "ಆಟೋ ಕರಿ, ದವಾಖಾನಿಗಿ ಹೋಗಮು" ಎಂದೆ. ಕಲ್ಲಿಗೆ ಕೆಂಪು ಅಂಟಿಕೊಂಡಿತ್ತು. ಒಂದು ತಂಬಿಗೆ ನೀರು ಹಾಕಿದೆ. ಅಷ್ಟಕ್ಕೇ ಹೋಯಿತು.