ಬ್ರೇಕಿಗೆ ಕೆಂಪು ಬಣ್ಣ

ಬಳ್ಳಾರಿಯ ನನ್ನ ಗ್ಯಾರೇಜಿಗೆ ಸಿರುಗುಪ್ಪದ ಗೊಬ್ಬರದಂಗಡಿ ಸಾಹುಕಾರರೊಬ್ಬರು ಕಾರು ತಂದು, "ಬ್ರೇಕಿಗೆ ಕೆಂಪು ಬಣ್ಣ ಹಚ್ಚಿ ಕೊಡ್ರಿ. ಚಕ್ರದ ಸಂದಿಯಾಗ ಮಂದಿಗೆ ಕಾಣಬೇಕು" ಅಂದರು.

"ಬ್ರೇಕ್ ಹಿಡೀತೈತೇನ್ರಿ?" ಅಂದೆ.

"ಇಷ್ಟು ದೊಡ್ಡ ಗಾಡಿ ಐತಿ, ಹಿಡೀದ ಏನ್ ಮಾಡ್ತೈತ್ರಿ?"

ಒಳ್ಳೆಯ ಬ್ರೇಕು ಗೊತ್ತಾಗುವುದು ಕಣ್ಣಿಗಲ್ಲ, ಪಾದಕ್ಕೆ. ಪೆಡಲ್ ಗಟ್ಟಿಯಾಗಿರಬೇಕು, ಒತ್ತಿದರೆ ಕಾರು ಅತ್ತಿತ್ತ ಎಳೆಯದೆ ನೆಟ್ಟಗೆ ನಿಲ್ಲಬೇಕು. ಇಂಥವರಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆಂದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಕ ರಸ್ತೆಗೆ ಹೊರಟೆ.

ಊರು ದಾಟಿದ್ದೇ ತಡ, ಕುರಿಮಂದೆ ಅಡ್ಡ ಬಂತು. ಗ್ಯಾರೇಜಿನ ಮುಂದೆ ಸರಿಯಾಗೇ ಇದ್ದ ಪೆಡಲ್ ಈಗ ಮೆತ್ತಗೆ ತಳಕ್ಕೆ ಹೋಯಿತು. ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಮೊದಲ ಕುರಿಗೆ ಒಂದು ಮೊಳ ಇರುವಾಗ ಕಾರು ನಿಂತಿತು.

ಸಾಹುಕಾರರು ಬೆವರು ಒರೆಸಿಕೊಳ್ಳುತ್ತಲೇ ಕಿಟಕಿಯಿಂದ ಕೂಗಿದರು: "ಏ ಮುದುಕಿ, ಕುರಿ ತಡಿಯಾಕ ಬರಂಗಿಲ್ಲೇನು?"

ಕುರಿ ಕಾಯುತ್ತಿದ್ದ ಅಜ್ಜಿ ನಾಲಿಗೆಯಿಂದ ಒಮ್ಮೆ ಸದ್ದು ಮಾಡಿದಳು. ಇಡೀ ಮಂದೆ ನಿಂತುಬಿಟ್ಟಿತು.

"ನನ್ನ ಕುರಿ ನಿಂತಾವಪ್ಪಾ. ನಿನ್ನ ಗಾಡಿಗೂ ಒಮ್ಮೆ ಹೇಳಿ ನೋಡು" ಅಂದಳು.

ಬ್ರೇಕಿನ ಬಗ್ಗೆ ಆ ಅಜ್ಜಿಯಷ್ಟು ತಿಳಿದವರು ನನ್ನ ಗ್ಯಾರೇಜಿಗೆ ಈವರೆಗೂ ಬಂದಿಲ್ಲ. ಬರುವವರೆಲ್ಲ ಕಾರು ಇದ್ದವರೇ.