ಅಕ್ಕನ ಉಸಿರೇ ಗಡಿಯಾರ

ಮೊನ್ನೆ ಅಕ್ಕನ ಮೊಮ್ಮಗ ಬಣ್ಣ ಜೋಡಿಸಿದ ಕ್ಯೂಬನ್ನು ಕೆಳಗಿಟ್ಟು, ಟೈಮರ್ ಮೇಲೆ ಎರಡೂ ಅಂಗೈ ಬಡಿದ. ಅಂಕಿಗಳು ನಿಂತವು. ಆ ಸದ್ದಿಗೆ ನಾನು ಅಕ್ಕನ ಕಡೆ ತಿರುಗಿದೆ.

ನಾವು ಚಿಕ್ಕವರಿದ್ದಾಗ ಹತ್ತಿಮತ್ತೂರಿನ ನಮ್ಮ ಓಣಿಗೆ ಮೊದಲ ಕ್ಯೂಬ್ ತಂದವನು ಗೆಳೆಯ ಬಸು. ಪಂದ್ಯ ಗೆದ್ದವನ ಮನೆಯಲ್ಲಿ ಅದು ಒಂದು ವಾರ ಇರುತ್ತಿತ್ತು. ಯಾರ ಹತ್ತಿರವೂ ಗಡಿಯಾರವಿರಲಿಲ್ಲ. "ನಿನ್ನ ಕಡೆಯವ್ರು ಒಂದ ಉಸಿರಿನ್ಯಾಗ ಕಬಡ್ಡಿ ಅನ್ನೂದ್ರೊಳಗ ಒಂದು ಬದಿ ಪೂರಾ ಕೆಂಪಾಗಬೇಕು. ನಡುವ ಉಸಿರು ತಗೊಂಡ್ರ ಔಟ್. ಕ್ಯೂಬ್ ಕೆಳಗಿಟ್ರೂ ಔಟ್" ಎಂದು ಬಸು ನಿಯಮ ಹೇಳಿದ.

ನನ್ನ ಪರವಾಗಿ ಅಕ್ಕ ನಿಂತಳು. ಹಳ್ಳದಲ್ಲಿ ಮುಳುಗಿದರೆ ನಾನು ಅಳುವವರೆಗೂ ಮೇಲೇಳದ ಹಟಮಾರಿ ಅವಳು.

"ಕಬಡ್ಡಿ, ಕಬಡ್ಡಿ" ಶುರುವಾಯಿತು. ನನ್ನ ಬೆರಳು ಬೆವರಿ ಜಾರುತ್ತಿದ್ದವು. ಎಂಟು ಚೌಕ ಕೆಂಪಾದವು, ಒಂದು ಉಳಿಯಿತು. ಅಷ್ಟರಲ್ಲಿ ಅಕ್ಕನ ದನಿ ಸಣ್ಣಗಾಯಿತು. ತಲೆ ಎತ್ತಿ ನೋಡಿದೆ. ಕುತ್ತಿಗೆಯ ನರ ಉಬ್ಬಿದ್ದವು, ತುಟಿ ನೀಲಿಯಾಗಿತ್ತು. ಅಕ್ಕ ಸಾಯುತ್ತಾಳೆ ಅನ್ನಿಸಿತು. ಕ್ಯೂಬನ್ನು ನೆಲಕ್ಕೆ ಇಟ್ಟುಬಿಟ್ಟೆ.

"ಔಟ್!" ಎಂದು ಬಸು ಕೂಗಿದ.

ಅಕ್ಕ ಆಮೇಲೂ ನಾಲ್ಕು ಸಲ ಕಬಡ್ಡಿ ಅಂದು, ಏದುಸಿರು ಬಿಡುತ್ತ ನನ್ನ ತಲೆಗೆ ಮೊಟಕಿದಳು. "ಯಾಕ ಇಟ್ಟಿ ಹುಚ್ಚಪ್ಪಾ? ನನ್ನ ಉಸಿರು ಇನ್ನೂ ಇತ್ತಲ್ಲೋ!"

"ನೀ ಸಾಯಾಕತ್ತಿದ್ದಿ" ಎಂದು ಅಳತೊಡಗಿದೆ.

"ಅಕ್ಕ ಸತ್ರ ಆಟ ರದ್ದು ಅಂತ ನಿಯಮ ಎಲ್ಲೈತಲೇ?" ಎಂದ ಬಸು, ಕ್ಯೂಬ್ ಎತ್ತಿಕೊಳ್ಳುತ್ತ.

ಮೊನ್ನೆ ಮೊಮ್ಮಗ ಮತ್ತೊಮ್ಮೆ ಆಡಲು ಕೂತಾಗ, ಪಕ್ಕದಲ್ಲಿದ್ದ ಅಕ್ಕ ಉಸಿರು ಬಿಗಿಹಿಡಿದಳು. ಎಲ್ಲರೂ ಟೈಮರ್ ನೋಡುತ್ತಿದ್ದರು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.